ಎರವಲು ಪ್ರಾರ್ಥನೆ

ನಮ್ಮ ಕಾಲೇಜಿನ ಚಾಪೆಲ್‌ಗೆ ಎರಡು ಬಾಗಿಲು. ಮುಂಬಾಗಿಲಿನಿಂದ ಎಲ್ಲರೂ ಬರುತ್ತಿದ್ದರು. ಪಕ್ಕದ ಬಾಗಿಲು ತಡವಾಗಿ ಬಂದವರಿಗೆ, ಇಲ್ಲವೇ ಯಾರ ಕಣ್ಣಿಗೂ ಬೀಳಬಾರದು ಅಂದುಕೊಂಡವರಿಗೆ. ಎರಡನೇ ವರ್ಷ ಪೂರ್ತಿ ನಾನು ಪಕ್ಕದ ಬಾಗಿಲಿನಿಂದಲೇ ಬಂದವಳು.

ಆ ವರ್ಷ ಅಪ್ಪ ತೀರಿಕೊಂಡರು. ಸ್ವಲ್ಪ ದಿನದ ಮೇಲೆ ಹಾಸ್ಟೆಲ್‌ಗೆ ವಾಪಸ್ ಬಂದೆ. ಓದಿದೆ, ಪರೀಕ್ಷೆ ಬರೆದೆ, ಕ್ವಾಯರ್‌ನಲ್ಲಿ ಹಾಡಿದೆ. ಪ್ರಾರ್ಥನೆ ಮಾತ್ರ ನಿಂತುಹೋಯಿತು. ಮೊಣಕಾಲೂರಿದರೆ ಬಾಯಿಗೆ ಒಂದು ಮಾತೂ ಬರುತ್ತಿರಲಿಲ್ಲ. ಕರ್ತನನ್ನು ನಂಬಿದವರು ಯಾವಾಗಲೂ ಸಂತೋಷವಾಗಿರಬೇಕು ಅಂತ ಕೇಳುತ್ತಾ ಬೆಳೆದವಳು ನಾನು. ಆ ಸಂತೋಷ ನನ್ನಲ್ಲಿಲ್ಲ ಅಂದರೆ ವಿಶ್ವಾಸವೇ ಇಲ್ಲ ಅಂತ ತಾನೇ? ಹಾಗಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ರೂಮಿನ ಗೆಳತಿ ನನಗಾಗಿ ಬೈಬಲಿನ ಒಂದು ವಚನವನ್ನು ಚೀಟಿಯಲ್ಲಿ ಬರೆದು ಮೇಜಿಗೆ ಅಂಟಿಸಿದಳು. 'ನನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ.' ಪ್ರೀತಿಯಿಂದಲೇ ಅಂಟಿಸಿದ್ದಳು. ಆದರೆ ಅದನ್ನು ನೋಡಿದಾಗಲೆಲ್ಲ ನಾನು ಇನ್ನಷ್ಟು ಕುಗ್ಗುತ್ತಿದ್ದೆ. ನನಗೆ ಹಾಸಿಗೆ ಬಿಟ್ಟು ಏಳುವುದೇ ಕಷ್ಟವಾಗಿತ್ತು.

ಬೈಬಲ್ ಕ್ಲಾಸ್ ತೆಗೆದುಕೊಳ್ಳುತ್ತಿದ್ದ ಮೇಡಂ ಒಂದು ಸಂಜೆ ಬಂದು ನನ್ನ ಪಕ್ಕ ಕೂತರು. ಏನಾಯಿತು ಅಂತ ಕೇಳಲಿಲ್ಲ. ತಮ್ಮ ಬೈಬಲ್ ತೆರೆದು, ಅದರ ಪ್ರಾರ್ಥನಾಗೀತೆಗಳಾದ ಕೀರ್ತನೆಗಳಲ್ಲಿ 88ನೆಯದನ್ನು ತೋರಿಸಿ, 'ಓದು' ಅಂದರು.

ಒಟ್ಟು 18 ವಚನ. ಹಗಲೂ ರಾತ್ರಿಯೂ ಕೂಗುತ್ತಿದ್ದೇನೆ ಅನ್ನುತ್ತಾನೆ ಬರೆದವನು. ಯಾಕೆ ಮುಖ ಮರೆಮಾಡಿಕೊಂಡೆ ಅಂತ ದೇವರನ್ನೇ ಕೇಳುತ್ತಾನೆ. ಕೊನೆಯಲ್ಲಿ ಸಮಾಧಾನದ ಒಂದು ಮಾತು ಬಂದೇ ಬರುತ್ತದೆ ಅಂತ ನಾನು ಕಾಯುತ್ತಾ ಓದಿದೆ. ಬೇರೆ ಕೀರ್ತನೆಗಳಲ್ಲಿ ಸಾಮಾನ್ಯವಾಗಿ ಬರುತ್ತದೆ. ಇಲ್ಲಿ ಬರಲಿಲ್ಲ. ಗೆಳೆಯರೆಲ್ಲ ದೂರವಾದರು, ಉಳಿದದ್ದು ಕತ್ತಲೆ. ಅಲ್ಲಿಗೇ ನಿಂತಿತು.

'ಮೇಡಂ, ಇದು ಮುಗಿದೇ ಇಲ್ಲ.'

'ಮುಗಿದಿದೆ. ಅವನ ಹತ್ತಿರ ಇದ್ದದ್ದು ಅಷ್ಟೇ. ಆದರೆ ಅಷ್ಟನ್ನೂ ಯಾರಿಗೆ ಹೇಳಿದ್ದಾನೆ ನೋಡು.'

ಮತ್ತೆ ಮೊದಲ ವಚನಕ್ಕೆ ಹೋದೆ. ನನ್ನನ್ನು ರಕ್ಷಿಸುವ ದೇವರೇ ಅಂತ ಕರೆದೇ ಶುರುಮಾಡಿದ್ದ.

'ನಿನಗೆ ಮಾತು ಹುಟ್ಟದಿದ್ದರೆ ಇವನ ಮಾತನ್ನು ಎರವಲು ತಗೋ' ಅಂದರು ಮೇಡಂ. 'ಯೇಸು ಸ್ವಾಮಿಯೂ ಹಾಗೇ ಮಾಡಿದ್ದು.'

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಶಿಲುಬೆಯ ಮೇಲೆ 'ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ' ಅಂತ ಯೇಸು ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು. ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ ಅಂದದ್ದು 31ನೇ ಕೀರ್ತನೆಯದು. ಉಸಿರು ಸಿಗದ ಆ ಹೊತ್ತಿನಲ್ಲಿ ದೇವರ ಮಗನೇ ಹಳೆಯ ಮಾತುಗಳನ್ನು ಹಿಡಿದುಕೊಂಡ. ಹಾಗಿದ್ದ ಮೇಲೆ ನಾನು ಸ್ವಂತ ಮಾತಿಗಾಗಿ ಯಾಕಿಷ್ಟು ಒದ್ದಾಡುತ್ತಿದ್ದೆ?

ಮೇಜಿನ ಮೇಲಿನ ಚೀಟಿಯ ವಿಷಯವನ್ನೂ ಆವತ್ತೇ ಹೇಳಿದೆ. ಹಿಂದಿನ ವಚನವನ್ನೂ ಸೇರಿಸಿ ಓದು ಅಂದರು. ಯೇಸುವಿನ ಸಂದೇಶ ಸಾರಿದ ಪೌಲ ಅದನ್ನು ಬರೆದದ್ದು ಸೆರೆಯಲ್ಲಿ. ಹಸಿದಿರುವುದೂ ಗೊತ್ತು, ಹೊಟ್ಟೆತುಂಬ ಉಣ್ಣುವುದೂ ಗೊತ್ತು ಅನ್ನುವವನ ಮಾತು ಅದು. ಗೆದ್ದು ಬೀಗುವವನದಲ್ಲ, ತಾಳಿಕೊಂಡವನದು. ಆ ಚೀಟಿಯನ್ನು ನಾನು ಕೊನೆಗೂ ಕೀಳಲಿಲ್ಲ.

ಏಳುವಾಗ ಮೇಡಂ ಇನ್ನೊಂದು ಮಾತು ಹೇಳಿದರು. ಬೈಬಲಿನ ಪ್ರವಾದಿ ಎಲೀಯ ಸಾಯಬೇಕು ಅಂತ ಗಿಡದ ಕೆಳಗೆ ಮಲಗಿದಾಗ ದೇವದೂತ ಬುದ್ಧಿ ಹೇಳಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. 'ನೀನೂ ಹೋಗಿ ಊಟ ಮಾಡಿ ಮಲಗು' ಅಂದರು.

ಆ ರಾತ್ರಿಯಿಂದ ದಿನಕ್ಕೊಂದು ಕೀರ್ತನೆ, ಮೊದಲನೆಯದರಿಂದ. ಗೋಳಿನ ಕೀರ್ತನೆಗಳು ಇಷ್ಟೊಂದಿವೆ ಅಂತ ಆಗಲೇ ತಿಳಿದದ್ದು. ಕಷ್ಟವಾಗಿದ್ದು ಹರ್ಷದ ಕೀರ್ತನೆಗಳು ಬಂದಾಗ. ಸುಮ್ನೆ ಬಾಯಲ್ಲಿ ಹೇಳಿದರೆ ಸುಳ್ಳಾಡಿದ ಹಾಗಲ್ವಾ ಅಂತ ಮೇಡಂ ಹತ್ತಿರ ಹೋಗಿ ಕೇಳಿದೆ. 'ಆ ಖುಷಿ ಇವತ್ತು ನಿನ್ನದಲ್ಲ, ಸರಿ. ಇನ್ಯಾರದೋ ಇರುತ್ತೆ. ಅವರ ಜೊತೆ ಸೇರಿ ಓದು. ನಿನ್ನ ಗೋಳನ್ನೂ ಎಲ್ಲೋ ಯಾರೋ ನಿನ್ನ ಜೊತೆ ಓದಿರುತ್ತಾರೆ.' ಸಭೆ, ಅಂದರೆ ವಿಶ್ವಾಸಿಗಳ ಬಳಗ, ಏನು ಅಂತ ನನಗೆ ಅರ್ಥವಾದದ್ದು ಈ ಮಾತಿನಿಂದಲೇ, ಚರ್ಚಿನಲ್ಲಿ ಕೇಳಿದ ಯಾವ ಪ್ರಸಂಗದಿಂದಲೂ ಅಲ್ಲ.

ನಾಲ್ಕು ತಿಂಗಳ ಮೇಲೆ 131ನೇ ಕೀರ್ತನೆಗೆ ಬಂದೆ. ಮೂರೇ ವಚನ. ತಾಯಿಯ ಬಳಿ ಸುಮ್ಮನಿರುವ ಕೂಸಿನ ಹಾಗೆ ನನ್ನ ಪ್ರಾಣ ಇದೆ ಅನ್ನುವ ಕೀರ್ತನೆ. ಓದಿ ಮುಗಿಸಿ ದೀಪ ಆರಿಸಿದೆ. ಕತ್ತಲಲ್ಲಿ ನನ್ನ ಬಾಯಿಂದ ತಾನಾಗೇ ಬಂತು: 'ಸ್ವಾಮಿ, ಅಪ್ಪನ ನೆನಪು ಜಾಸ್ತಿ ಆಗ್ತಿದೆ.'

ಎಷ್ಟೋ ತಿಂಗಳ ಮೇಲೆ ನನ್ನದೇ ಆದ ಪ್ರಾರ್ಥನೆ ಅದು. ದುಃಖವೇನೂ ಹೋಗಿರಲಿಲ್ಲ. ಅದನ್ನು ಹೇಳಿಕೊಳ್ಳುವ ಶಕ್ತಿ ಬಂದಿತ್ತು.

ಕಾಲೇಜು ಬಿಡುವ ದಿನ ಮೇಡಂ ತಮ್ಮ ಆ ಬೈಬಲನ್ನೇ ನನಗೆ ಕೊಟ್ಟರು. ಮನೆಗೆ ಹೋಗಿ ತೆರೆದಾಗ 88ನೇ ಕೀರ್ತನೆಯ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದ ಮೂರು ತಾರೀಖು ಕಂಡವು. ಎರಡು ನಾನು ಕಾಲೇಜಿಗೆ ಸೇರುವುದಕ್ಕೂ ಎಷ್ಟೋ ಮುಂಚಿನವು. ಮೂರನೆಯದು ನಾನು ಪಕ್ಕದ ಬಾಗಿಲಿನಿಂದ ಬರುತ್ತಿದ್ದ ವರ್ಷದ್ದು. ಆಗ ಅವರಿಗೇನು ಕಷ್ಟವಿತ್ತು ಅಂತ ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಈಗ ಅದರ ಕೆಳಗೆ ನಾಲ್ಕನೆಯದೊಂದಿದೆ. ಅಮ್ಮ ತೀರಿಕೊಂಡ ರಾತ್ರಿ ನಾನು ಬರೆದದ್ದು.