ಗೋಡೆ ಕಡೆ ಮುಖ ಮಾಡಿ ನುಡಿಸಿದ ಗಿಟಾರ್

ಕಳೆದ ಶನಿವಾರ ನನಗೆ ಸೆಕೆಂಡ್ ಶಿಫ್ಟ್ ಇತ್ತು. ಮಧ್ಯಾಹ್ನ 3ರಿಂದ ರಾತ್ರಿ 11. ಮುಂದಿನ ಎರಡು ಭಾನುವಾರ ನಿನ್ನ ಬದಲು ನಾನು ಬರುತ್ತೇನೆ ಅಂತ ಪಕ್ಕದ ಲೇತ್‌ನ ಗೆಳೆಯನಿಗೆ ಮಾತು ಕೊಟ್ಟು ಆ ಶಿಫ್ಟ್ ಬಿಡಿಸಿಕೊಂಡೆ. ಸಂಜೆ 7ಕ್ಕೆ ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಕಾಫಿ ಅಂಗಡಿಯ ಮಾಳಿಗೆಯ ಮೇಲೆ ಹಾಡು. 45 ಕುರ್ಚಿ, 300 ರೂಪಾಯಿ ಟಿಕೆಟ್. ಆರು ವರ್ಷದಿಂದ ಫೋನಿನಲ್ಲೇ ಕೇಳುತ್ತಿದ್ದ ದನಿ ನಮ್ಮೂರಿಗೇ ಬಂದಿತ್ತು. ಎರಡು ಭಾನುವಾರ ಏನು, ನಾಲ್ಕು ಕೇಳಿದ್ದರೂ ಕೊಡುತ್ತಿದ್ದೆ.

ಹಾಡುಗಾರರ ಹೆಸರು ಬರೆಯುವುದಿಲ್ಲ. ಶುರುವಿನಲ್ಲೇ ಅವರು ಕೇಳಿಕೊಂಡರು. ಇವತ್ತಿನ ಹಾಡುಗಳಲ್ಲಿ ಅರ್ಧ ಹೊಸವು, ಇನ್ನೂ ಹಸಿ ಇವೆ, ವಿಡಿಯೊ ಮಾಡಬೇಡಿ, ನನ್ನ ಹೆಸರು ಹಾಕಿ ಬರೆಯಲೂ ಬೇಡಿ ಅಂದರು. ನಾವೆಲ್ಲ ಹೂಂ ಅಂದಿದ್ದೇವೆ. ಹಾವೇರಿ ಕಡೆಯವರು, ಈಗ ಬೆಂಗಳೂರಿನಲ್ಲಿದ್ದಾರೆ, ಕನ್ನಡದಲ್ಲಿ ಆಲ್ಟ್ ಕಂಟ್ರಿ ಹಾಡುತ್ತಾರೆ. ಇಷ್ಟು ಸಾಕು.

ಆಲ್ಟ್ ಕಂಟ್ರಿ ಅಂದರೇನು ಅಂತ ನಮ್ಮ ಶಾಪ್‌ನಲ್ಲಿ ಎಷ್ಟೋ ಜನ ಕೇಳಿದ್ದಾರೆ. ಅಮೆರಿಕದ ಹಳ್ಳಿಗಾಡಿನ ಹಳೆಯ ಹಾಡುಗಳ ಧಾಟಿ, ಅದರ ಜೊತೆಗೆ ರಾಕ್ ಸಂಗೀತದ ಒರಟುತನ. ಥಳಕು ಬಳಕು ಇಲ್ಲ. ಕೆಲಸ ಹೋದವರು, ಕುಡಿತ ಬಿಡಲಾಗದವರು, ಊರು ಬಿಟ್ಟು ಹೋದವರು ಅದರಲ್ಲಿ ಬರುತ್ತಾರೆ. ಇದಕ್ಕೆ ದಾರಿ ಹಾಕಿದವರಲ್ಲಿ ಅಂಕಲ್ ಟುಪೆಲೊ ಎಂಬ ತಂಡವೂ ಒಂದು. 1987ರಲ್ಲಿ ಇಲಿನಾಯ್ ರಾಜ್ಯದ ಬೆಲ್‌ವಿಲ್‌ನಲ್ಲಿ ಶುರುವಾಯಿತು. 1990ರಲ್ಲಿ ಮೊದಲ ಆಲ್ಬಂ. 1994ರಲ್ಲಿ ತಂಡ ಒಡೆದು ಸನ್ ವೋಲ್ಟ್, ವಿಲ್ಕೊ ಅಂತ ಎರಡಾಯಿತು. ಆ ಬೆಲ್‌ವಿಲ್ ಒಂದು ಕಾಲಕ್ಕೆ ಒಲೆ ಎರಕ ಹೊಯ್ಯುವ ಫೌಂಡ್ರಿಗಳ ಊರು. ಇದು ಗೊತ್ತಾದ ದಿನ ನನಗೆ ಆ ತಂಡ ಇನ್ನೂ ಹತ್ತಿರದ್ದು ಅನ್ನಿಸಿತು. ನಮ್ಮ ಕಾರ್ಖಾನೆಗಳಿರುವ ಉದ್ಯಮಬಾಗದಲ್ಲೂ ಅದೇ ಅಲ್ವಾ? ಬೆಳಿಗ್ಗೆ ಗೇಟಿನ ಒಳಗೆ ಕಾಲಿಟ್ಟರೆ ಸುಟ್ಟ ಮರಳಿನ ವಾಸನೆ.

ನನ್ನನ್ನು ಈ ಹಾಡುಗಳ ಕಡೆ ಎಳೆದದ್ದು ಮಾತ್ರ ಅಪ್ಪನ ಒಂದು ಕ್ಯಾಸೆಟ್. 1967ರಲ್ಲಿ ಬಂದ ಆಲ್ಬಂ. ಶಿವಕುಮಾರ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಬ್ರಿಜ್ ಭೂಷಣ್ ಕಾಬ್ರಾ ಅವರ ಗಿಟಾರ್. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ರಾತ್ರಿ ಪಾಳಿ ಮುಗಿಸಿ ಬಂದು, ಕೈ ತೊಳೆದು, ಚಹಾ ಹಿಡಿದುಕೊಂಡು ಅದನ್ನೇ ಹಾಕುತ್ತಿದ್ದರು. ಹಾಸಿಗೆಯಲ್ಲಿ ಅರ್ಧ ನಿದ್ದೆಯಲ್ಲಿದ್ದ ನನಗೆ ಕೊಳಲಿಗಿಂತ ಆ ಗಿಟಾರೇ ಬೇಕಾಗಿತ್ತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯದೆ ಜಾರಿಕೊಂಡು ಹೋಗುತ್ತಿತ್ತು. ದೊಡ್ಡವನಾದ ಮೇಲೆ ಆ ಜಾರುವ ದನಿಯನ್ನು ಹುಡುಕುತ್ತಾ ಹೋದೆ. ತಂತಿ ಮೇಲೆ ಉಕ್ಕಿನ ಬಾರ್ ಜಾರಿಸಿ ನುಡಿಸುವ ಸ್ಟೀಲ್ ಗಿಟಾರ್ ಸಿಕ್ಕಿತು, ಅದರ ಹಿಂದೆ ಕಂಟ್ರಿ ಹಾಡುಗಳು ಸಿಕ್ಕವು.

ಹಾಗಾಗಿ ಅಪ್ಪನನ್ನೂ ಕರೆದೆ. ಅವರಿಗೆ ಈಗ 71. ಜಿಟಿಜಿಟಿ ಮಳೆ ಹಿಡಿದಿತ್ತು. "ಇಂಗ್ರೇಜಿ ಹಾಡೇನಪಾ?" ಅಂದರು. "ಕನ್ನಡಾನ ಅದಾವ, ಬರ್ರಿ" ಅಂದೆ. ಸ್ವೆಟರ್ ಹಾಕಿಕೊಂಡು, ಕೊಡೆ ಹಿಡಿದು ಹೊರಟರು.

ವೇದಿಕೆ ಅಂತ ಏನೂ ಇರಲಿಲ್ಲ. ಒಂದು ಜಮಖಾನೆ, ಎರಡು ಕುರ್ಚಿ, ಮೊಣಕಾಲೆತ್ತರದ ಎರಡು ಸ್ಪೀಕರ್. ಹಾಡುಗಾರರು ಗಿಟಾರ್ ಹಿಡಿದು, ಕುತ್ತಿಗೆಗೆ ಮೌತ್ ಆರ್ಗನ್ ಸಿಕ್ಕಿಸಿಕೊಂಡು ಕೂತರು. ಪಕ್ಕದಲ್ಲಿ ಲ್ಯಾಪ್ ಸ್ಟೀಲ್, ಅಂದರೆ ತೊಡೆ ಮೇಲೆ ಮಲಗಿಸಿಕೊಳ್ಳುವ ಸ್ಟೀಲ್ ಗಿಟಾರ್, ನುಡಿಸುವ ಹುಡುಗಿ. ವಯಸ್ಸು ಇಪ್ಪತ್ತೈದರ ಆಸುಪಾಸು. ತಡವಾಗಿ ಬಂದ ನಮಗೆ ಉಳಿದಿದ್ದು ಗೋಡೆ ಪಕ್ಕದ ಮೂಲೆ. ಅಲ್ಲಿಂದ ಆಕೆಯ ಬೆನ್ನು ಕೂಡ ಸರಿಯಾಗಿ ಕಾಣದು ಅಂತ ನನಗೆ ಬೇಸರವಾಯಿತು.

ಆಕೆ ವೈರ್ ಸಿಕ್ಕಿಸಿದ ಕೂಡಲೇ ಸ್ಪೀಕರ್ ಗುಂಯ್ ಅನ್ನತೊಡಗಿತು. ಕರೆಂಟಿನ ಸದ್ದು ಅದು, ನಮ್ಮ ಹಳೇ ಮಶಿನ್‌ಗಳ ಪ್ಯಾನೆಲ್ ಹತ್ತಿರ ದಿನಾ ಕೇಳುವಂಥದ್ದು. ಅಂಗಡಿಯವರು ಫ್ರಿಜ್ ಬಂದ್ ಮಾಡಿದರು, ಟ್ಯೂಬ್‌ಲೈಟ್ ಆರಿಸಿದರು. ಸ್ವಲ್ಪ ತಗ್ಗಿತು, ಪೂರ್ತಿ ಹೋಗಲಿಲ್ಲ. ಆಗ ಆಕೆ ಎದ್ದು, ಕುರ್ಚಿಯನ್ನು ಇಷ್ಟಿಷ್ಟೇ ತಿರುಗಿಸುತ್ತಾ ಕೂತು ನೋಡಿದಳು. ತಂತಿಯ ಕೆಳಗೆ ಕೂತು ಅದರ ಅದುರನ್ನು ಹಿಡಿಯುವ ಪಿಕಪ್‌ನಲ್ಲಿ ಒಂದೇ ಸುರುಳಿ ಇದ್ದರೆ ಅದು ಸುತ್ತಲಿನ ಕರೆಂಟನ್ನೂ ಹಿಡಿಯುತ್ತದೆ. ದಿಕ್ಕು ಬದಲಿಸಿದರೆ ಕಡಿಮೆಯಾಗುತ್ತದೆ. ಕೊನೆಗೆ ಸದ್ದು ನಿಂತದ್ದು ಆಕೆ ಜನರಿಗೆ ಬೆನ್ನು ಮಾಡಿ, ಗೋಡೆ ಕಡೆ ಮುಖ ಮಾಡಿದಾಗ. ಅಂದರೆ ನಮ್ಮ ಮೂಲೆ ಕಡೆ! ನನ್ನ ಮೊಣಕಾಲಿಗೂ ಆಕೆಯ ಗಿಟಾರಿಗೂ ಮೂರೇ ಅಡಿ.

ಇದು ನನಗೆ ಎಷ್ಟು ದೊಡ್ಡದು ಅಂತ ಹೇಳಬೇಕಾದರೆ ಒಂದು ವಿಷಯ ತಿಳಿಸಬೇಕು. ಎರಡು ವರ್ಷದಿಂದ ನಾನು ಮನೆಯಲ್ಲಿ ಒಂದು ಹಳೇ ಗಿಟಾರಿನ ತಂತಿಗಳನ್ನು ಎತ್ತರಿಸಿ, ತೊಡೆ ಮೇಲೆ ಮಲಗಿಸಿ ಕಲಿಯುತ್ತಿದ್ದೇನೆ. ಎಡಗೈಯಲ್ಲಿ ಉಕ್ಕಿನ ಬಾರ್, ಬಲಗೈ ಬೆರಳಿಗೆ ತಂತಿ ಮೀಟುವ ನಖಿ. ಬಾರ್ ಜಾರಿಸಿದಾಗ ಸ್ವರದ ಜೊತೆ ಒಂದು ಕಿರಿಕಿರಿ ಸದ್ದು ಬರುತ್ತಿತ್ತು. ಎಷ್ಟು ವಿಡಿಯೊ ನೋಡಿದರೂ ಅದು ಹೋಗಿರಲಿಲ್ಲ. ವಿಡಿಯೊಗಳೆಲ್ಲ ಎದುರಿನಿಂದ ತೆಗೆದವು, ಬಾರ್‌ನ ಹಿಂದೆ ಏನು ನಡೆಯುತ್ತದೆ ಅಂತ ನನಗೆ ಕಂಡೇ ಇರಲಿಲ್ಲ.

ಮೊದಲ ಹಾಡಿನಲ್ಲೇ ಕಂಡಿತು. ಆಕೆಯ ಉಂಗುರ ಬೆರಳು, ಕಿರುಬೆರಳು ಎರಡೂ ಬಾರ್‌ನ ಹಿಂದೆ ತಂತಿಗಳ ಮೇಲೆ ಚಪ್ಪಟೆಯಾಗಿ ಮಲಗಿದ್ದವು. ಒತ್ತುತ್ತಿರಲಿಲ್ಲ, ಸುಮ್ನೆ ಮುಟ್ಟಿಕೊಂಡು ಬಾರ್ ಜೊತೆ ಹೋಗುತ್ತಿದ್ದವು. ಮಲಗಿದ ಮಗುವಿನ ಮೇಲೆ ಕೈ ಇಟ್ಟ ಹಾಗೆ. ಬಾರ್‌ನ ಹಿಂದಿನ ಭಾಗ ಅದರುವುದೇ ಇಲ್ಲ, ಕಿರಿಕಿರಿಯೂ ಇಲ್ಲ. ನಾನು ಎರಡು ವರ್ಷ ಆ ಬೆರಳುಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದಿದ್ದೆ. ಆ ಹಾಡಿನ ಮಾತು ಏನಿತ್ತು ಅಂತ ಕೇಳಬೇಡಿ, ನನಗೆ ಒಂದು ಪದವೂ ನೆನಪಿಲ್ಲ.

ಮಾತು ಕಿವಿಗೆ ಬಿದ್ದದ್ದು ನಾಲ್ಕನೇ ಹಾಡಿನಲ್ಲಿ. "ಇದು ನಿಮ್ಮ ಕಡೆಯ ಹಾಡ್ರಿ" ಅಂತ ಶುರು ಮಾಡಿದರು. ಕಬ್ಬು ಹೇರಿಕೊಂಡು ಸಕ್ಕರೆ ಕಾರ್ಖಾನೆ ಮುಂದೆ ಸರದಿಯಲ್ಲಿ ನಿಂತ ಟ್ರ್ಯಾಕ್ಟರ್ ಡ್ರೈವರ್‌ನ ಕಥೆ. ಎರಡು ರಾತ್ರಿ ಕಳೆದರೂ ಸರದಿ ಮುಂದೆ ಹೋಗುವುದಿಲ್ಲ. ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ, ತೂಕ ಇಳಿದಷ್ಟೂ ದುಡ್ಡೂ ಕಡಿಮೆ. ಬೆಳಗಾವಿ, ಬಾಗಲಕೋಟೆಯಲ್ಲಿ ಇದು ಯಾರಿಗೆ ಗೊತ್ತಿಲ್ಲ? ಡ್ರೈವರ್ ಇಂಜಿನ್ ಆರಿಸಿ ಕೂತಾಗ, ಬೆನ್ನ ಹಿಂದೆ ಕಬ್ಬು ಒಣಗುವುದು ಅವನಿಗೆ ಕೇಳಿಸುತ್ತದೆ ಅನ್ನುವ ಒಂದು ಸಾಲು ಬಂತು. ಆ ಸಾಲಿನ ಕೊನೆಯಲ್ಲಿ ಸ್ಟೀಲ್ ಗಿಟಾರ್ ಮೆಲ್ಲಗೆ ಕೆಳಗೆ ಜಾರಿತು.

"ವಾಹ್!"

ಅಪ್ಪ. ಹಿಂದುಸ್ತಾನಿ ಸಂಗೀತದ ಬೈಠಕ್‌ನಲ್ಲಿ ಕೂತವರ ಹಾಗೆ, ಕೈ ಎತ್ತಿ, ಗಟ್ಟಿಯಾಗಿ. ಅಲ್ಲಿವರೆಗೆ ಹಾಡು ಮುಗಿದ ಮೇಲೆ ಚಪ್ಪಾಳೆ, ನಡುವೆ ಪೂರ್ತಿ ಮೌನ. ಮುಂದಿನ ಸಾಲಿನ ಹುಡುಗರು ತಿರುಗಿ ನೋಡಿದರು. ಹಾಡುಗಾರರು ನುಡಿಸುವುದನ್ನು ನಿಲ್ಲಿಸಲಿಲ್ಲ. ಗಿಟಾರಿನಲ್ಲಿ ಅದೇ ಎರಡು ಕಾರ್ಡ್ ಮತ್ತೆ ಮತ್ತೆ ನುಡಿಸುತ್ತಾ ಅಪ್ಪನ ಕಡೆ ನೋಡಿ, "ಯಜಮಾನ್ರ, ಇನ್ನೊಮ್ಮೆ ಹೇಳ್ಲೇನ್ರಿ?" ಅಂದರು.

"ಹೇಳ್ರಿ, ಹೇಳ್ರಿ."

ಮತ್ತೆ ಅದೇ ಸಾಲು. ಈ ಸಲ ನಿಧಾನ, ದನಿ ಇನ್ನೂ ಕೆಳಗೆ. ಮೂರನೇ ಸಲ "ಒಣಗುವುದು" ಅನ್ನುವ ಪದವನ್ನು ಅರ್ಧಕ್ಕೆ ಬಿಟ್ಟರು, ಉಳಿದ ಅರ್ಧವನ್ನು ಸ್ಟೀಲ್ ಗಿಟಾರ್ ಹೇಳಿತು. ಆಕೆ ಗೋಡೆ ನೋಡುತ್ತಾ ಕೂತಿದ್ದಳು, ಹಾಡುಗಾರರ ಮುಖ ಆಕೆಗೆ ಕಾಣುತ್ತಿರಲಿಲ್ಲ. ಬರೀ ಉಸಿರು ಕೇಳಿ ಹಿಡಿದಳು. ಪದ ಬಿಡುವ ಮುಂಚೆ ಅವರು ಎಳೆದುಕೊಂಡ ಆ ಸಣ್ಣ ಉಸಿರು ನನಗೂ ಕೇಳಿತ್ತು. ಫೋನಿನಲ್ಲಿ ಅವರ ಹಾಡನ್ನು ನೂರಾರು ಸಲ ಕೇಳಿದ್ದೇನೆ, ಆ ಉಸಿರು ಒಂದು ಸಲವೂ ಕೇಳಿರಲಿಲ್ಲ. ನನ್ನ ಕಣ್ಣು ತುಂಬಿತು. ಆಮೇಲೆ ಎಲ್ಲ ಹಾಡಿನಲ್ಲೂ ಅಲ್ಲಲ್ಲಿ "ಆಹಾ", "ಕ್ಯಾ ಬಾತ್" ಬರತೊಡಗಿದವು, ಮುಂದಿನ ಸಾಲಿನ ಹುಡುಗರಿಂದಲೂ.

ಕೊನೆಯ ಎರಡು ಹಾಡಿಗೆ ಎಲ್ಲ ವೈರ್ ಕಿತ್ತರು. ಆಕೆ ಮರದ ಡಬ್ಬದ ಗಿಟಾರ್ ತೆಗೆದುಕೊಂಡಳು. ಹೊರಗೆ ಮಳೆ ಜೋರಾಗಿ ತಗಡಿನ ಮೇಲೆ ಬೀಳುತ್ತಿತ್ತು, ನಾವೆಲ್ಲ ಕುರ್ಚಿ ಮುಂದೆ ಎಳೆದುಕೊಂಡು ಸುತ್ತ ಕೂತೆವು.

ಎಲ್ಲ ಮುಗಿದ ಮೇಲೆ ಜೇಬಿನಿಂದ ಒಂದು ಪೊಟ್ಟಣ ತೆಗೆದೆ. ಶಾಪ್‌ನ ವೇಸ್ಟ್ ಬಟ್ಟೆಯಲ್ಲಿ ಸುತ್ತಿದ ಬಾರ್. ಹವಾಯಿಯ ಜೋಸೆಫ್ ಕೆಕುಕು ಹುಡುಗನಾಗಿದ್ದಾಗ ಮೊದಲು ಬಾಚಣಿಗೆ, ಆಮೇಲೆ ಚಾಕುವಿನ ಬೆನ್ನು ತಂತಿಯ ಮೇಲೆ ಜಾರಿಸಿ ನೋಡಿ, ಕೊನೆಗೆ ತನ್ನ ಶಾಲೆಯ ವರ್ಕ್‌ಶಾಪ್‌ನಲ್ಲಿ ಉಕ್ಕಿನ ಬಾರ್ ಮಾಡಿಕೊಂಡ ಎನ್ನುತ್ತಾರೆ. ಅದನ್ನು ಓದಿದಾಗಿನಿಂದ ನನಗೂ ಆಸೆ ಇತ್ತು. ಮಾಲಕರನ್ನು ಕೇಳಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಒಂದು ಉಳಿದ ತುಂಡು ತೆಗೆದುಕೊಂಡಿದ್ದೆ. 22 ಮಿ.ಮೀ. ದಪ್ಪ, 82 ಮಿ.ಮೀ. ಉದ್ದ, ಒಂದು ತುದಿ ಗುಂಡಗೆ. ಲೇತ್ ಮೇಲೆ ಹತ್ತು ನಿಮಿಷದ ಕೆಲಸ. ಎಮರಿ ಪೇಪರ್ ಹಿಡಿದು ನುಣುಪು ಮಾಡಲು ಮೂರು ದಿನದ ಊಟದ ಬಿಡುವು ಹೋಯಿತು. ಒಂದು ಗೆರೆ ಉಳಿದರೂ ತಂತಿ ಮೇಲೆ ಸರ್ ಅನ್ನುತ್ತದೆ.

"ಮೇಡಂ, ಇದು ನಿಮಗ ಅಂತ ಮಾಡೇನ್ರಿ."

ಆಕೆ ಬಟ್ಟೆ ಬಿಚ್ಚಿದಳು. ಥ್ಯಾಂಕ್ಸ್ ಹೇಳಿ ಚೀಲಕ್ಕೆ ಹಾಕುತ್ತಾಳೆ ಅಂದುಕೊಂಡಿದ್ದೆ. ಹಾಗೆ ಮಾಡಲಿಲ್ಲ. ಮತ್ತೆ ಕೂತು, ಗಿಟಾರ್ ತೊಡೆ ಮೇಲಿಟ್ಟು, ಕಬ್ಬಿನ ಹಾಡಿನ ಆ ಇಳಿಯುವ ಸ್ವರವನ್ನು ನುಡಿಸಿದಳು. ಎರಡು ಸಲ. ಕಣ್ಣು ಮುಚ್ಚಿ ಕೇಳಿದಳು. "ನುಣುಪು ತುಂಬಾ ಚೆನ್ನಾಗಿದೆ ಸರ್. ಆದರೆ ನನ್ನ ಕೈಗೆ ಸ್ವಲ್ಪ ಭಾರ. ತಿರುಗಿಸುವಾಗ ಹಿಂದೆ ಬೀಳುತ್ತೆ. ಒಂದು ನಲವತ್ತು ಗ್ರಾಂ ಇಳಿಸಬಹುದಾ?"

ಅದು 240 ಗ್ರಾಂ ಇತ್ತು. ಉದ್ದ ಹಾಗೇ ಇಟ್ಟು ದಪ್ಪವನ್ನು 20 ಮಿ.ಮೀ.ಗೆ ತಂದರೆ 200ರ ಆಸುಪಾಸಿಗೆ ಬರುತ್ತದೆ. ಅಲ್ಲೇ ಟಿಕೆಟ್‌ನ ಹಿಂದೆ ಚಿತ್ರ ಬರೆದು, ಗುಂಡು ತುದಿ ಎಷ್ಟು ಬೇಕು ಅಂತ ಕೇಳಿ ಗುರುತು ಹಾಕಿಕೊಂಡೆ. ಆಕೆ ತನ್ನ ಹಳೇ ಬಾರನ್ನೂ ನನ್ನ ಕೈಯಲ್ಲಿಟ್ಟು ತೂಕ ತೋರಿಸಿದಳು.

ಸ್ಕೂಟರ್ ಹಿಂದೆ ಕೂತ ಅಪ್ಪ ಉದ್ಯಮಬಾಗದ ತಿರುವಿನವರೆಗೆ ಏನೂ ಮಾತಾಡಲಿಲ್ಲ. ಆಮೇಲೆ, "ಆ ಹುಡುಗಿ ಮೀಂಡ್ ಭಾಳ ಚಲೋ ತಗೀತಾಳ" ಅಂದರು. ಸ್ವರದಿಂದ ಸ್ವರಕ್ಕೆ ಜಾರುವುದಕ್ಕೆ ಅವರು ಹೇಳುವ ಹೆಸರು ಮೀಂಡ್. "ಬಾರ್ ಲಗೂ ಮಾಡಿ ಕಳಸು."

ಸೋಮವಾರ 20 ಮಿ.ಮೀ. ರಾಡ್ ಕತ್ತರಿಸಿ ಇಟ್ಟಿದ್ದೇನೆ. ಇವತ್ತು ಎಮರಿ ಶುರು.