ಗಂಡು ಸ್ವರದ ಸಣ್ಣಜ್ಜಿ

ಮೊನ್ನೆ ದೊಡ್ಡಮ್ಮನ ಸ್ತನ ಕ್ಯಾನ್ಸರಿನ ಚೆಕಪ್ಪಿಗೆಂದು ಬದಿಯಡ್ಕದಿಂದ ಮಂಗಳೂರಿಗೆ ಹೋಗಿದ್ದೆವು. "ಮನೆಯಲ್ಲಿ ಬೇರೆ ಯಾರಿಗಾದ್ರೂ ಈ ಕಾಯಿಲೆ ಇತ್ತಾ?" ಅಂತ ಡಾಕ್ಟ್ರು ಕೇಳಿದರು. ದೊಡ್ಡಮ್ಮ ಸಣ್ಣಜ್ಜಿಯ ಸುದ್ದಿ ತೆಗೆದರು. "ಸ್ತನದ್ದೇ. ಎಲುಬಿಗೂ ಹಬ್ಬಿತ್ತು. ಕಡೆಕಡೆಗೆ ಮೀಸೆ ಬಂದು, ಸ್ವರವೂ ಗಂಡಸರ ಹಾಗೇ ಆಗಿತ್ತು" ಅಂತ ನಕ್ಕರು.

ಡಾಕ್ಟ್ರು ನಗಲಿಲ್ಲ. "ಯಾವಾಗಿನ ಮಾತು?"

"1965-66 ಇರ್ಬೇಕು."

"ಹಾಗಾದ್ರೆ ಟೆಸ್ಟೋಸ್ಟೆರಾನ್, ಅಂದ್ರೆ ಗಂಡು ಹಾರ್ಮೋನ್ ಇಂಜೆಕ್ಷನ್ ಕೊಟ್ಟಿರ್ತಾರೆ ಅಮ್ಮಾ. ನೋವು ಕಡಿಮೆ ಆಗಿತ್ತಾ?"

ದೊಡ್ಡಮ್ಮ ಸುಮ್ಮನಾದರು. ಆಮೇಲೆ, "ಹೌದಲ್ಲ, ಹಾಸಿಗೆ ಹಿಡಿದವರು ಎದ್ದು ಬಂದು ಜಗಲಿಯಲ್ಲಿ ಅಡಿಕೆ ಸುಲಿಯಲು ಕೂತಿದ್ರು" ಅಂದರು.

ನೋವು ಕಡಿಮೆ ಆಗಿತ್ತಾ? ನಮ್ಮ ಕುಟುಂಬದಲ್ಲಿ ಇಷ್ಟು ವರ್ಷ ಒಬ್ಬರೂ ಇದನ್ನು ಕೇಳಿರಲಿಲ್ಲ. ಮೀಸೆ ಎಲ್ಲರಿಗೂ ಗೊತ್ತು. ದೈವದ ಉಪದ್ರ ಅಂತ ಜೋಯಿಸರಲ್ಲಿ ಪ್ರಶ್ನೆ ಇಡಿಸಿದ್ದೂ ಗೊತ್ತು. ಮದುವೆಮನೆಗಳಲ್ಲಿ ಆ ಸ್ವರ ತೆಗೆದು ನಗಿಸುವ ಮಾವನೊಬ್ಬರಿದ್ದಾರೆ. ನನಗೆ ಅವರನ್ನು ಕಂಡರೆ ಮೊದಲಿಂದಲೂ ಅಷ್ಟಕ್ಕಷ್ಟೆ.

ಈ ಕ್ಯಾನ್ಸರಿಗೆ ಕೊಡುವ ಟಾಮಾಕ್ಸಿಫೆನ್ ಮಾತ್ರೆ ಬಂದದ್ದೇ 1970ರ ದಶಕದಲ್ಲಿ. ಅದಕ್ಕೂ ಮೊದಲು ರೋಗ ಮೈಗೆ ಹಬ್ಬಿದ ಹೆಂಗಸರಿಗೆ ಗಂಡು ಹಾರ್ಮೋನ್ ಕೊಡುತ್ತಿದ್ದರು, ಸಾಮಾನ್ಯವಾಗಿ ವಾರಕ್ಕೆ ಮೂರು ಇಂಜೆಕ್ಷನ್. ಗಡ್ಡೆ ಕುಗ್ಗುತ್ತಿದ್ದದ್ದು ಸುಮಾರು ಐದರಲ್ಲಿ ಒಬ್ಬರಿಗೆ. ಎಲುಬಿನ ನೋವು ಇಳಿಯುತ್ತಿದ್ದದ್ದು ಇನ್ನೂ ಕೆಲವರಿಗೆ. ಬದಲಿಗೆ ಮೊಡವೆ, ಮೀಸೆ, ದಪ್ಪ ಸ್ವರ. ಒಮ್ಮೆ ಒಡೆದ ಸ್ವರ ಮದ್ದು ಬಿಟ್ಟರೂ ಹೆಚ್ಚಾಗಿ ಮೊದಲಿನಂತೆ ಆಗುವುದಿಲ್ಲ. ಇದನ್ನೆಲ್ಲ ಸಣ್ಣಜ್ಜಿಗೆ ಮೊದಲೇ ಯಾರಾದರೂ ಹೇಳಿದ್ದರಾ? ಹೇಳಿದ್ದರೂ ಗಂಡಸರಿಗೆ ಹೇಳಿರಬೇಕು, ಆ ಕಾಲ ಹಾಗಿತ್ತು.

ದೊಡ್ಡಮ್ಮನದು ಲೆಟ್ರೊಝೋಲ್, ದಿನಕ್ಕೊಂದು 2.5 ಮಿಲಿಗ್ರಾಂ. ಹೆಂಗಸರ ಮೈಯಲ್ಲೂ ಗಂಡು ಹಾರ್ಮೋನ್ ಇರುತ್ತದಂತೆ. ಮುಟ್ಟು ನಿಂತ ಮೇಲೆ ಅದೇ ಈಸ್ಟ್ರೊಜೆನ್, ಅಂದರೆ ಇಂಥ ಗಡ್ಡೆ ಬೆಳೆಸುವ ಹೆಣ್ಣು ಹಾರ್ಮೋನ್ ಆಗುತ್ತದೆ, ಈ ಮಾತ್ರೆ ಅದನ್ನು ತಡೆಯುತ್ತದೆ. ಗಂಟುನೋವು ಉಂಟು, ಗೊಣಗಾಟವೂ ಜಾಸ್ತಿ. ಆದರೆ ಯಾರೂ ತಿರುಗಿ ನೋಡುವುದಿಲ್ಲ. ನಾಚಿಕೆ ಇಲ್ಲದೆ ಮದ್ದು ತೆಗೆದುಕೊಳ್ಳುವುದು ಸಣ್ಣ ವಿಷಯವಲ್ಲ.

ರಾತ್ರಿ ಅದೇ ಮಾವ ಫೋನ್ ಮಾಡಿದರು. ದೊಡ್ಡಮ್ಮ ಸ್ಪೀಕರಿಗೆ ಹಾಕಿ ಎಲ್ಲ ಹೇಳಿದರು. "ಅದು ಮದ್ದಿನಿಂದ ಆದದ್ದು ಮಾರಾಯ. ಇನ್ನು ಆ ಸ್ವರ ತೆಗೀಬೇಡ, ಆಯ್ತಾ?"

ಮಾವ ಅಡಿಕೆ ರೇಟಿನ ಮಾತು ಶುರು ಮಾಡಿದರು. ದೊಡ್ಡಮ್ಮ ಬಿಡಲಿಲ್ಲ. "ಆಯ್ತಾ ಅಂತ ಕೇಳಿದ್ದು ನಾನು."