ಎದುರಿಗೆ ಕೂತವರು

ನಿನ್ನೆ ಗೆಳತಿಯೊಬ್ಬಳು ತನ್ನ ಅಮ್ಮನ ಆರೋಗ್ಯದ ವಿಷಯ ಹೇಳುತ್ತಿದ್ದಳು. ನಡುವೆ ನನ್ನ ಫೋನ್ ಮಿನುಗಿತು, ಕೆಳಗೆ ನೋಡಿದೆ, ಎರಡೇ ಸೆಕೆಂಡು ಇರಬೇಕು. ತಲೆ ಎತ್ತುವಷ್ಟರಲ್ಲಿ ಅವಳು ಮಾತು ನಿಲ್ಲಿಸಿದ್ದಳು. "ಹೇಳು" ಅಂದೆ. "ಏನಿಲ್ಲ ಬಿಡು" ಅಂದಳು. ಅದು ಇನ್ನೂ ಚುಚ್ಚುತ್ತಿದೆ.

ಎದುರಿಗಿದ್ದವರನ್ನು ಬಿಟ್ಟು ಹೀಗೆ ಫೋನ್ ನೋಡುವುದಕ್ಕೆ 2012ರಲ್ಲಿ ಆಸ್ಟ್ರೇಲಿಯಾದಲ್ಲಿ 'ಫಬ್ಬಿಂಗ್' ಅಂತ ಹೆಸರನ್ನೇ ಕಟ್ಟಿದರು, ಫೋನ್ ಮತ್ತು ಸ್ನಬ್ಬಿಂಗ್ (ಅಂದರೆ ಕಡೆಗಣಿಸುವುದು) ಎರಡನ್ನೂ ಸೇರಿಸಿ. ಹೊಸ ಪದವೇ ಬೇಕಾಯಿತು ಅಂದರೆ ಆಗಲೇ ಎಷ್ಟು ಜಾಸ್ತಿ ಆಗಿರಬೇಕು, ಅಲ್ವಾ?

ಈಗಿನ ಹುಡುಗರಿಗೆ ಮರ್ಯಾದೆ ಗೊತ್ತಿಲ್ಲ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ದೊಡ್ಡವರು ಬಂದಾಗ ಅವರು ಎದ್ದು ನಿಲ್ಲದೇ ಇರಬಹುದು, ಆದರೆ ಕರೆ ಮಾಡುವ ಮುಂಚೆ 'ಈಗ ಮಾತಾಡಬಹುದಾ' ಅಂತ ಮೆಸೇಜ್ ಹಾಕುತ್ತಾರೆ, ಬೇರೆಯವರ ಫೋಟೋ ಹಾಕುವಾಗ ಒಂದು ಮಾತು ಕೇಳುತ್ತಾರೆ, ಸಂಬಳ ಎಷ್ಟು, ಮದುವೆ ಯಾವಾಗ ಅಂತ ಸುಮ್ನೆ ಕೆದಕುವುದಿಲ್ಲ. ಇದೂ ಮರ್ಯಾದೆಯೇ. ನಮ್ಮ ಕಾಲದಲ್ಲಿ ಇಷ್ಟು ಇರಲಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ 2014ರಲ್ಲಿ ನೀಲಿ ಟಿಕ್ ಬಂದ ಮೇಲೆ, ನೋಡಿದ ತಕ್ಷಣ ಉತ್ತರ ಕೊಡಬೇಕು ಅನ್ನುವ ಒತ್ತಡ ಬೇರೆ ಸೇರಿಕೊಂಡಿತು. ದೂರದವರಿಗೆ ಬೇಗ ಉತ್ತರ ಕೊಡುವ ಗಡಿಬಿಡಿಯಲ್ಲಿ ಪಕ್ಕದಲ್ಲಿ ಕೂತವಳನ್ನು ನೋಯಿಸಿದೆ.

ಸಂಜೆ ಅವಳ ಮನೆಗೆ ಹೋಗುತ್ತೇನೆ. ಫೋನ್ ಬ್ಯಾಗಿನಲ್ಲೇ ಇರುತ್ತದೆ.